ಗ್ರೆಪ್ ತೋರಿಸದ ಸಾಲು

ಹತ್ತಿಕೆರೆಯ ಕಂಬಗಳಿಗೆ ಯಾರ ಮುಖವೂ ಬೇಕಿರಲಿಲ್ಲ. ಮುಖಕ್ಕೆ ಟವೆಲ್ಲು ಸುತ್ತಿಕೊಂಡರೆ ಯಾವ ಕ್ಯಾಮೆರಾ ಏನು ಕಿತ್ತುಕೊಂಡೀತು? ಅದಕ್ಕೇ ಸರ್ಕಾರ ಕ್ಯಾಮೆರಾಗಳನ್ನೆಲ್ಲ ಇಳಿಸಿ ಬೀದಿಬೀದಿಗೆ ಕಂಬ ನೆಡಿಸಿತು. ಕಂಬದಿಂದ ಹೊರಟ ಅಲೆ ಮೈಗೆ ಬಡಿದು ವಾಪಸು ಬರುತ್ತದೆ. ಮೈ ಏನು ಮಾಡಿತೋ ಅದು ಒಂದು ಅಕ್ಷರವಾಗುತ್ತದೆ. ಹೆಜ್ಜೆ ಇಟ್ಟರೆ ಹ. ತಿರುಗಿದರೆ ತ. ಇನ್ನೊಬ್ಬನನ್ನು ಹಿಡಿದರೆ ಡ. ಮಂಡಿಯಿಂದ ಗುದ್ದಿದರೆ ಮ. ಕುತ್ತಿಗೆಗೆ ಕೈ ಹಾಕಿದರೆ ಕ. ನೆಲ ಮುಟ್ಟಿದರೆ ನ. ಬಿದ್ದರೆ ಬ. ಏನೂ ಮಾಡದೆ ಬಿದ್ದುಕೊಂಡಿದ್ದರೂ ಎದೆ ಏರಿ ಇಳಿಯುತ್ತದಲ್ಲ, ಅದಕ್ಕೆ ಉ. ನಡಿಗೆಯಿಂದಲೇ ಆಳು ಇಂಥವನೆಂದು ಗುರುತು ಹಿಡಿದು, ಅವನ ನಂಬರಿನ ಮುಂದೆ ಅಕ್ಷರ ಬರೆಯುತ್ತ ಹೋಗುತ್ತದೆ. ಒಬ್ಬ ಮನುಷ್ಯನ ಒಂದು ದಿನವೆಂದರೆ ಒಂದು ಉದ್ದನೆಯ ಸಾಲು, ಅಷ್ಟೆ. ವಿಡಿಯೋ ಇಡಲು ಗೋದಾಮು ಬೇಕು, ಅಕ್ಷರ ಇಡಲು ಏನು ಬೇಕು? ಇಡೀ ಊರಿನ ಎಷ್ಟೋ ವರ್ಷಗಳ ಬದುಕು ಇಟ್ಟಿಗೆಯಷ್ಟು ದಪ್ಪದ ಡಬ್ಬಿಯಲ್ಲಿ ಕೂತಿತ್ತು.

ಆ ಡಬ್ಬಿಯನ್ನು ಕೆದಕುವ ಕೆಲಸ ಚೌಡೇಶ್ವರಿಯದು. ಊರಿಗೆಲ್ಲ ಅವಳು ಚೌಡಿ. ಮುಚ್ಚಿಹೋದ ಹತ್ತಿ ಮಿಲ್ಲಿನ ಮೇಲ್ಮಹಡಿಯ ಕಂಟ್ರೋಲ್ ರೂಮಿನಲ್ಲಿ ಕಪ್ಪು ಪರದೆಯ ಮುಂದೆ ಕೂತು, ಗ್ರೆಪ್ ಎಂಬ ಹಳೇ ಆಜ್ಞೆ ಟೈಪು ಮಾಡಿ, ಬೇಕಾದ ಅಕ್ಷರಗಳ ವರಸೆ ಕೊಡುತ್ತಾಳೆ. ಆ ವರಸೆ ಎಲ್ಲೆಲ್ಲಿದೆಯೋ ಆ ಸಾಲುಗಳು ಮಾತ್ರ ಪರದೆಗೆ ಬರುತ್ತವೆ. ನಡುವೆ ಚುಕ್ಕಿ ಇಟ್ಟರೆ ಅಲ್ಲಿ ಯಾವುದಾದರೂ ಒಂದು ಅಕ್ಷರ ಇರಬಹುದು. ಚುಕ್ಕಿಗೊಂದು ನಕ್ಷತ್ರ ಸೇರಿಸಿದರೆ ಎಷ್ಟು ಅಕ್ಷರಗಳಾದರೂ ಇರಬಹುದು. ಮುಖ್ಯಸ್ಥನ ಹೆಬ್ಬೆಟ್ಟು ಒತ್ತಿಸಿ, ಬಂದ ಸಾಲುಗಳನ್ನು ಪೈಪು ಎಂಬ ನೆಟ್ಟಗೆರೆ ಹಾಕಿ ಕಂಬಕ್ಕೆ ಹರಿಸಿದರೆ, ಆ ನಂಬರಿನವನು ಊರಿನಲ್ಲಿ ಎಲ್ಲೇ ಬಯಲಿಗೆ ಬರಲಿ, ಹತ್ತಿರದ ಕಂಬ ಅವನ ಮೈಗೆ ಕರೆಂಟಿನ ಸೂಜಿ ಹೊಡೆಯುತ್ತದೆ. ಹೊಡೆಸಿಕೊಂಡವನು ಮೀನಿನ ಹಾಗೆ ಒದ್ದಾಡಿ ಬೀಳುತ್ತಾನೆ.

ಈ ಕಂಬಗಳನ್ನು ಕೊಡಲಿಯಿಂದ ಕಡಿಯಲು ಶುರುಮಾಡಿದವನು ಮಾರ್ಕೆಟ್ ಯಾರ್ಡಿನ ಹಮಾಲರ ಮುಖಂಡ ಖಲಂದರ್ ಸಾಬ್. ಒಂದು ಬೆಳಿಗ್ಗೆ ಹತ್ತಿ ಗೋದಾಮಿನ ಹಿಂದೆ ಅವನ ಹೆಣ ಬಿದ್ದಿತ್ತು. ಎಡ ಮೊಣಕೈ ಹಿಂದುಮುಂದಾಗಿತ್ತು. ಪಕ್ಕೆ ಒಳಗೆ ಹೋಗಿತ್ತು. ಕುತ್ತಿಗೆ ಮುರಿದಿತ್ತು.

"ಆ ಜಾಗದ ಸಾಲೆಲ್ಲ ತೆಗಿಯಮ್ಮ," ಅಂದ ಕಂಟ್ರೋಲ್ ರೂಮಿನ ಮುಖ್ಯಸ್ಥ ಶಶಿಧರ್.

ಚೌಡಿ ತೆಗೆದಳು. ಖಲಂದರ್ ಸಾಬ್‌ನ ಸಾಲೊಂದೇ ಬಂತು. ಹಹಹಹ. ಆಮೇಲೆ ಬ. ಆಮೇಲೆ ಒಂದೆರಡು ಉ. ಮುಂದೆ ಖಾಲಿ. ಸುತ್ತಮುತ್ತ ನರಪಿಳ್ಳೆಯ ಸಾಲೂ ಇರಲಿಲ್ಲ. ಗಾಳಿ ಬಂದು ಅವನ ಕುತ್ತಿಗೆ ಮುರಿದು ಹೋದಂತಿತ್ತು.

"ಕಂಬ ಕೆಟ್ಟಿರಬೇಕು," ಅಂದ ಶಶಿಧರ್.

"ಕಂಬ ಕೆಟ್ರೆ ಸಾಬ್ರ ಸಾಲೂ ಇರ್ತಿರಲಿಲ್ಲ ಸಾರ್."

"ನೀನು ಜಾಸ್ತಿ ಮಾತಾಡ್ಬೇಡ. ಸಾಹೇಬ್ರು ನಿಂತಿದಾರೆ."

ಬಾಗಿಲಲ್ಲಿ ಇನ್ಸ್‌ಪೆಕ್ಟರ್ ಪಂಪಾಪತಿ ಟೀ ಲೋಟ ಹಿಡಿದು ನಿಂತಿದ್ದ. ದೊಡ್ಡ ಮೈ, ಸಣ್ಣ ದನಿ. "ಹಮಾಲ್ರು ಯಾರ್ಡಿನಾಗೆ ಸೇರ್ಯಾರೆ. ಇವತ್ತೇ ಹೆಸರು ಸಿಗಲಿಲ್ಲ ಅಂದ್ರೆ ಊರಿಗೆ ಬೆಂಕಿ ಬೀಳುತ್ತೆ. ಜಾಗ ಬೇಡ ಬಿಡಮ್ಮ. ಏಟು ನೋಡು. ಎಡಗೈ ಮಣಿಕಟ್ಟು ಹಿಡಿದು ತಿರುವ್ಯಾನೆ. ಮಂಡಿ ಕೊಟ್ಟಾನೆ. ಆಮೇಲೆ ಕುತ್ತಿಗೆ. ಹಿಂಗೆ ಹೊಡಿಯೋರು ಊರಾಗೆ ಯಾರ್ಯಾರು ಅದಾರೆ, ಹಳೇ ಸಾಲ್ನಾಗೆ ಹುಡುಕು."

ಡತ.*ಮ.*ಕ. ಚೌಡಿ ಟೈಪು ಮಾಡಿ ಎಂಟರ್ ಒತ್ತಿದಳು. ಸಾಲುಗಳು ಪರದೆ ತುಂಬಿ ಕೆಳಕ್ಕೆ ಹರಿದವು. ನಂಬರುಗಳ ಪಕ್ಕ ಹೆಸರುಗಳು ಬಂದವು. ಒಬ್ಬರೂ ಬಿಡದಂತೆ ಎಲ್ಲರೂ ಹಾಲಪ್ಪ ಉಸ್ತಾದರ ಗರಡಿಯ ಹುಡುಗರು. ಮೂರನೆಯ ಹೆಸರು ಗಾದಿಲಿಂಗ. ಅವಳ ಬೆನ್ನಿಗೆ ಹುಟ್ಟಿದ ತಮ್ಮ.

"ಎಲ್ಲಾ ಒಂದೇ ಗರಡಿಯೋರು," ಅಂದ ಪಂಪಾಪತಿ. ಲೋಟದ ತಳದಲ್ಲಿದ್ದ ಟೀಯನ್ನು ನಿಧಾನಕ್ಕೆ ಕುಡಿದು ಮುಗಿಸಿದ.

*

ಚೌಡಿ ಮನೆಗೆ ಓಡಿ ಬಂದಾಗ ಗಾದಿ ಬಚ್ಚಲಲ್ಲಿ ಕೂತು ಮೈಯಿಂದ ಗರಡಿಯ ಮಣ್ಣು ತೊಳೆಯುತ್ತಿದ್ದ. ಅವ್ವ ಮಂಡಕ್ಕಿ ಭಟ್ಟಿಯ ಕೆಲಸದಿಂದ ಆಗಷ್ಟೇ ಬಂದು, ಕೂದಲಲ್ಲಿನ ಬೂದಿ ಕೊಡವುತ್ತ ಜಗಲಿಯ ಮೇಲೆ ಕೂತಿದ್ದಳು.

"ಲೇ, ಬಟ್ಟೆ ಹಾಕ್ಕೊಂಡು ಎಲ್ಲಾದ್ರೂ ಹೋಗಲೇ. ಪೊಲೀಸ್ರು ಬರ್ತಾರೆ."

"ಯಾಕೆ? ನಾನೇನು ಅವರ ಅತ್ತೆ ಮಗನಾ, ಹುಡುಕ್ಕೊಂಡು ಬರಾಕೆ?"

"ಸಾಬ್ರನ್ನ ಕೊಂದ ಪಟ್ಟು ನಿಮ್ಮ ಗರಡೀದು. ಗ್ರೆಪ್ ಹಾಕಿದ್ದು ನಾನೇ. ನೀವೇ ಬಂದ್ರಿ."

ಗಾದಿ ತಂಬಿಗೆ ಕೆಳಗಿಟ್ಟ. "ಅಕ್ಕಾ, ಆ ಪಟ್ಟು ಉಸ್ತಾದ್ರು ಕಲಿಸಿದ್ದು. ನಮಗೊಬ್ರಿಗೇನಾ ಕಲಿಸಿರೋದು? ಪೊಲೀಸ್ ಟ್ರೇನಿಂಗ್ ಗ್ರೌಂಡಿಗೆ ಹೋಗಿ ಅವ್ರಿಗೂ ಇದನ್ನೇ ಕಲಿಸ್ಯಾರೆ. ಎಷ್ಟೋ ವರ್ಷ ಹೋಗಿದ್ರು. ನಾನೇ ಸೈಕಲ್ ಮೇಲೆ ಬಿಟ್ಟು ಬರ್ತಿದ್ದೆ."

"ಪೊಲೀಸ್ರು ಒಬ್ರೂ ಬಂದಿಲ್ಲ ಕಣೋ ಸಾಲ್ನಾಗೆ. ಕಣ್ಣಾರೆ ನೋಡೀನಿ."

"ಹಂಗಾದ್ರೆ ನಿನ್ನ ಪರದೆಗೆ ಪೊರೆ ಬಂದೈತೆ. ಗರಡಿ ಹುಡುಗ ಕೆಡವಿದ್ಮೇಲೆ ನೆಲ ಮುಟ್ಟಿ ಎದೆಗೆ ಹಚ್ಕೊಂತಾನೆ. ಕುಸ್ತಿ ಇರ್ಲಿ, ಬೀದಿ ಜಗಳ ಇರ್ಲಿ, ಕೈ ತಾನೇ ಹೋಗುತ್ತೆ. ಪೊಲೀಸ್ರು ಅದನ್ನ ಕಲೀಲೇ ಇಲ್ಲ. ಉಸ್ತಾದ್ರು ಬಯ್ತಿದ್ರು, ಪಟ್ಟು ಕಲಿತ್ರಿ, ಮರ್ಯಾದೆ ಕಲೀಲಿಲ್ಲ ನನ್ಮಕ್ಕಳಾ ಅಂತ."

ಅಷ್ಟರಲ್ಲಿ ಬೀದಿಯಲ್ಲಿ ಮೈಕಿನ ದನಿ. ಖಲಂದರ್ ಸಾಬ್‌ನನ್ನು ಕೊಂದವರು ಗರಡಿಯವರು, ಪತ್ತೆಯಾಗಿದೆ, ಜನ ಶಾಂತಿಯಿಂದ ಇರಬೇಕು. ಶಾಂತಿ ಎಂಬ ಮಾತನ್ನು ಎರಡು ಸಲ ಹೇಳಿದರು, ಸುಳ್ಳುಬುರುಕರು. ಊರು ಶಾಂತವಾಗಿರಬೇಕಿದ್ದರೆ ಹೆಸರು ಯಾಕೆ ಕೂಗಬೇಕಿತ್ತು? ಯಾರ್ಡಿನ ಕಡೆಯಿಂದ ಹಮಾಲರ ಕೂಗು ಎದ್ದಿತು. ಜೀಪು ಮನೆ ಮುಂದೆ ನಿಂತಿತು. ಗಾದಿಯನ್ನು ಒದ್ದೆ ಮೈಯಲ್ಲೇ ಕೂದಲು ಹಿಡಿದು ಹೊರಗೆಳೆದರು. ಅಡ್ಡ ಬಂದ ಅವ್ವನ ಹಣೆ ಬಾಗಿಲಿಗೆ ಬಡಿಯಿತು. ಹೊಸ್ತಿಲ ಮೇಲೇ ಲಾಠಿಗಳು ಬಿದ್ದವು. ಮೊದಲು ಕಾಲಿಗೆ, ಆಮೇಲೆ ಸಿಕ್ಕಲ್ಲಿ.

"ಸಾರ್, ನಾನು ಕಂಟ್ರೋಲ್ ರೂಮಿನವಳು! ನಾನೇ ಹುಡುಕಿದ್ದು ಸಾರ್!" ಅಂತ ಚೌಡಿ ಕಿರುಚಿದಳು.

"ಒಳ್ಳೇ ಕೆಲ್ಸ ಮಾಡೀಯ ಬಿಡವ್ವ," ಅಂದ ಪೇದೆ. ಅವಳ ತಮ್ಮನನ್ನು ಮೂಟೆಯ ಹಾಗೆ ಜೀಪಿಗೆ ಎಸೆದ.

ಅದೇ ಹೊತ್ತಿಗೆ ಊರ ಆಚೆ ಕಡೆ ಕಪ್ಪು ಹೊಗೆ ಎದ್ದಿತು. ಹಮಾಲರು ಗರಡಿಗೆ ಬೆಂಕಿ ಇಟ್ಟಿದ್ದರು. ಬಾಗಿಲಿಗೆ ಹೊರಗಿನಿಂದ ಅಗಳಿ ಹಾಕಿದ್ದರು. ಒಳಗೆ ಹಾಲಪ್ಪ ಉಸ್ತಾದರು ಇದ್ದರು. ಎಣ್ಣೆ ಹೀರಿದ ಹಳೇ ಮರ, ಮಾಲೀಸಿನ ಎಣ್ಣೆ ಹೀರಿದ ಮುದುಕ. ಎರಡೂ ಒಟ್ಟಿಗೇ ಉರಿದವು.

*

ಮಾರನೆಯ ದಿನ ಕೆಲಸಕ್ಕೆ ಹೋಗಬೇಡವೆಂದು ಅವ್ವ ಕಾಲು ಹಿಡಿದಳು. ಚೌಡಿ ಹೋದಳು. ತಮ್ಮ ಜೀವಂತ ಇದ್ದಾನೋ ಇಲ್ಲವೋ ನೋಡಲು ಅವಳಿಗೆ ಇದ್ದದ್ದು ಆ ಪರದೆಯೊಂದೇ.

ಶಶಿಧರ್ ತನ್ನ ಮೇಜಿನ ಮೇಲೆ ಕಾಲು ಚಾಚಿ ಮೊಬೈಲು ನೋಡುತ್ತ ಕೂತಿದ್ದ. "ನಿನ್ನ ತಮ್ಮ ಅಂತ ಗೊತ್ತಿರಲಿಲ್ಲಮ್ಮ. ಒಪ್ಕೊಂಡುಬಿಟ್ರೆ ಹೊಡಿಯಲ್ಲ," ಅಂದ. ಅವಳು ಗಾದಿಯ ನಂಬರು ಹಾಕಿ ಈ ಹೊತ್ತಿನ ಸಾಲು ತೆರೆದಳು.

ಠಾಣೆಯ ಹಿತ್ತಲಿನ ಬಯಲಲ್ಲಿ ಅವನಿದ್ದ. ಉಉಉ. ಹ. ಬ. ಉಉ. ಹ. ಬ. ನೂಲು ಸುತ್ತುವ ಹಾಗೆ ಅಕ್ಷರಗಳು ಒಂದೊಂದಾಗಿ ಬರುತ್ತಿದ್ದವು. ಎದ್ದ, ಬಿದ್ದ. ಎದ್ದ, ಬಿದ್ದ. ಆದರೆ ಕೆಡವುವವನು ಎಲ್ಲಿ? ಆ ಜಾಗಕ್ಕೇ ಗ್ರೆಪ್ ಹಾಕಿದರೂ ಸುತ್ತ ಬೇರೆ ಯಾರೂ ಬರಲಿಲ್ಲ. ಹೊಡೆಯುವ ಕೈ ಇಲ್ಲದೆಯೇ ಹುಡುಗ ಬೀಳುತ್ತಿದ್ದ. ಗೋದಾಮಿನ ಹಿಂದೆ ಖಲಂದರ್ ಸಾಬ್ ಬಿದ್ದದ್ದೂ ಹೀಗೇ ತಾನೇ.

ಅವಳು ಗ್ರೆಪ್ ಎಂಬ ಹೆಸರಿನ ಹಿಂದೆ ಏನಿದೆ ತೋರಿಸು ಎಂದು ಯಂತ್ರವನ್ನೇ ಕೇಳಿದಳು. ತೋರಿಸಿತು. ಈ ರೂಮಿನಲ್ಲಿ ಗ್ರೆಪ್ ಎಂದು ಒತ್ತಿದರೆ ಬರಿ ಗ್ರೆಪ್ ಓಡುತ್ತಿರಲಿಲ್ಲ. ಅದರ ಬೆನ್ನಿಗೆ ಒಂದು ಪೈಪು, ಪೈಪಿನಾಚೆ ಮೈನಸ್ ವಿ, ಅಂದರೆ ಇದು ಇರುವ ಸಾಲುಗಳನ್ನು ಬಿಟ್ಟುಬಿಡು, ಆಮೇಲೆ ಪೊಲೀಸ್ ನಂಬರುಗಳ ಗುರುತು. ಈ ಬಾಲವನ್ನು ಯಾವ ಕಾಲದಲ್ಲೋ ಯಾರೋ ಅಂಟಿಸಿ ಮರೆತಿದ್ದರು.

"ಸಾರ್, ಇದನ್ನ ಯಾರು ಹಾಕಿದ್ದು?"

ಶಶಿಧರ್ ಬಗ್ಗಿ ನೋಡಿದ. "ಅಯ್ಯೋ, ಅದಾ? ಕಂಬ ಹೊಸದಾಗಿ ನೆಟ್ಟಾಗ ಹಾಕಿದ್ವಿ. ಬೆಳಿಗ್ಗೆ ಬೆಳಿಗ್ಗೆ ಪರೇಡ್ ಗ್ರೌಂಡಲ್ಲಿ ಪೊಲೀಸ್ರು ಲಾಠಿ ಡ್ರಿಲ್ ಮಾಡೋರು. ಹೊಡೆದಾಟ ಅಂತ ಏನು ಹುಡುಕಿದ್ರೂ ಪರದೆ ತುಂಬ ಅವರೇ. ತಲೆನೋವು. ಅದಕ್ಕೆ ಅವರ ಸಾಲು ಬರದೇ ಇರೋ ಹಾಗೆ ಮಾಡಿಟ್ವಿ. ಆಮೇಲೆ ಎಲ್ಲ ಆಪರೇಟರ್‌ಗೂ ಅದೇ ಬಂತು."

ತಲೆನೋವು! ಊರಿಡೀ ಕೊರಳು ಕೊಟ್ಟು ನಿಂತಿದೆ, ಇವರಿಗೆ ಬೆಳಗಿನ ತಲೆನೋವು!

ಗ್ರೆಪ್ ಹೆಸರಿನ ಮುಂದೆ ಒಂದು ಓರೆಗೆರೆ ಹಾಕಿದರೆ ಅಂಟಿಸಿದ ಬಾಲ ಬಿಟ್ಟು ಬರಿ ಆಜ್ಞೆ ಓಡುತ್ತದೆ. ಚೌಡಿ ಓರೆಗೆರೆ ಹಾಕಿ ಮೊದಲು ಗೋದಾಮಿನ ಜಾಗ ಕೇಳಿದಳು. ಈ ಸಲ ಖಲಂದರ್ ಸಾಬ್‌ನ ಸಾಲಿನ ಮೇಲೆ ಇನ್ನೊಂದು ಸಾಲು ಬಂತು. ಹಹಹಡತಹಮಕಹಹ. ಹೆಸರು ಪಂಪಾಪತಿ. ಠಾಣೆಯ ಹಿತ್ತಲು ಕೇಳಿದಳು. ಗಾದಿಯ ಸುತ್ತ ಒಮ್ಮೆಗೇ ಜನ ತುಂಬಿದರು. ನಾಲ್ವರು ಹಿಡಿಯುವವರು, ನಡುವೆ ಅದೇ ನಂಬರು. ಡತಹಮ. ಗಾದಿಯ ಸಾಲಿನಲ್ಲಿ ಬ. ಮತ್ತೆ ಎಬ್ಬಿಸಿದರು. ಡತಹಮ. ಬ. ಪೈಲ್ವಾನರನ್ನು ಕುಸ್ತಿಗೆ ಕರೆದು ಕೆಡವುತ್ತೇನೆಂದು ಜಂಬ ಕೊಚ್ಚುವ ಚಟ ಪಂಪಾಪತಿಗೆ ಇದೆಯೆಂದು ಊರಿಗೇ ಗೊತ್ತಿತ್ತು. ಕೈಕಾಲು ಹಿಡಿಯಲು ನಾಲ್ವರನ್ನು ಇಟ್ಟುಕೊಂಡು ಆಡುವ ಕುಸ್ತಿ. ಇನ್ನು ಉಳಿದದ್ದು ಕ ಒಂದೇ.

"ಸಾರ್, ಕೊಂದಿದ್ದು ಪಂಪಾಪತಿ. ಈಗ ನನ್ನ ತಮ್ಮನ್ನೂ ಕೊಲ್ತಾನೆ. ಕಂಬಕ್ಕೆ ಪೈಪು ಹಾಕ್ತೀನಿ, ನಿಮ್ಮ ಹೆಬ್ಬೆಟ್ಟು ಕೊಡಿ."

ಶಶಿಧರ್ ಎದ್ದು ನಿಂತ. "ತಲೆ ಕೆಟ್ಟಿದೆಯಾ? ಪೊಲೀಸ್ರ ಮೇಲೆ ಸೂಜಿ ಬಿಡೋದಾ? ಏಳು ಮೊದಲು. ಏಳೇ!"

ಕೊನೆಯ ಮಾತು ತಪ್ಪಾಯಿತು. ಚೌಡಿ ಎದ್ದಳು. ಗೋಡೆಯಲ್ಲಿದ್ದ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಕಿತ್ತು ಅವನ ಬಾಯಿಗೆ ಬೀಸಿದಳು. ಹಲ್ಲು ಮೇಜಿನ ಮೇಲೆ ಉದುರಿದವು. ಎರಡನೆಯ ಏಟು ಮಂಡಿಗೆ. ಅವನು ಅಮ್ಮಾ ಎಂದು ಕುಸಿದ. ಕೈ ಹಿಡಿದು ನೆಲದ ಮೇಲೇ ಎಳೆದು ತಂದು ಹೆಬ್ಬೆಟ್ಟನ್ನು ಗಾಜಿಗೆ ಒತ್ತಿದಳು. ಹಸಿರು ದೀಪ ಹತ್ತಿತು. ಅವನನ್ನು ಹೊರಗೆ ದೂಡಿ ಬಾಗಿಲಿಗೆ ಚಿಲಕ ಹಾಕಿದಳು.

ವರಸೆ ಹಾಕಲು ಹೋಗಿ ಕೈ ತಡೆದಳು. ನಿನ್ನೆಯ, ಇವತ್ತಿನ ಸಾಲುಗಳನ್ನೆಲ್ಲ ಕಂಬಕ್ಕೆ ಕೊಟ್ಟರೆ ನಿನ್ನೆ ಬೆಳಿಗ್ಗೆ ಗರಡಿಯಲ್ಲಿ ಆಡಿದ ಹುಡುಗರೂ ಬೀಳುತ್ತಾರೆ. ಗಾದಿ ಬಚ್ಚಲಲ್ಲಿ ಹೇಳಿದ ಮಾತಿನಿಂದ ಜರಡಿ ಕಟ್ಟಿದಳು. ಹಿಡಿದು, ತಿರುವಿ, ಮಂಡಿ ಕೊಟ್ಟವರು ಬರಲಿ. ಆಮೇಲೆ ನೆಲ ಮುಟ್ಟಿದವರನ್ನು ಬಿಡು. ಪೈಪು. ಕಂಬ. ಎಂಟರ್.

ಠಾಣೆಯ ಹಿತ್ತಲಿನ ಕಂಬ ಸೂಜಿ ಉಗುಳಿತು. ಪಂಪಾಪತಿ: ಬ. ಹಿಡಿದವರಲ್ಲಿ ತಾವೂ ತಿರುವಿ ಮಂಡಿ ಕೊಟ್ಟಿದ್ದ ಇಬ್ಬರು: ಬ, ಬ. ಇನ್ನಿಬ್ಬರ ಸಾಲಿನಲ್ಲಿ ಹಹಹಹಹ, ಓಟ. ಮುಂದಿನ ಗಳಿಗೆಯಲ್ಲಿ ಗಾದಿಯ ಸಾಲಿಗೆ ಜೀವ ಬಂತು. ಹ. ಹ. ಎದ್ದು ನಿಂತಿದ್ದ. ಡ.

ಚೌಡಿ ಪರದೆಗೆ ಬಾಗಿದಳು. ಹಿಡಿದಿದ್ದ. ಬಿದ್ದವನ ಕೈ ಹಿಡಿದಿದ್ದ. ತ. ಇದಾದ ಮೇಲೆ ಅವನು ನೆಲ ಮುಟ್ಟುತ್ತಾನೆಯೇ? ಉಸ್ತಾದರನ್ನು ಸುಟ್ಟ ಸುದ್ದಿ ಕೇಳಿದ ಹುಡುಗ, ರಾತ್ರಿಯಿಡೀ ಏಟು ತಿಂದ ಹುಡುಗ ನೆಲ ಮುಟ್ಟುವುದುಂಟೇ? ಮುಟ್ಟದಿದ್ದರೆ, ಇನ್ನೂ ಓಡುತ್ತಲೇ ಇರುವ ಅವಳ ಜರಡಿಗೆ ಅವನೇ ಸಿಗುತ್ತಾನೆ. ಮೂಳೆಯೆಲ್ಲ ನುಗ್ಗಾದ ಆ ಮೈ ಸೂಜಿ ತಡೆಯುವುದಿಲ್ಲ.

ಅವಳು ಯೋಚಿಸಲಿಲ್ಲ. ಇನ್ನೊಂದು ಪೈಪು. ಮೈನಸ್ ವಿ. ತಮ್ಮನ ನಂಬರು. ಎಂಟರ್.

ಮ. ಕ. ಪಂಪಾಪತಿಯ ಸಾಲಿನಲ್ಲಿ ಉ ಬರಲಿಲ್ಲ. ಚೌಡಿ ಕಾದಳು. ಮತ್ತೂ ಬರಲಿಲ್ಲ. "ಸಾಯಿ ನಾಯಿ," ಅಂದಳು. ಅವಳಿಗೆ ಕಣ್ಣಲ್ಲಿ ನೀರು ಬಂತು, ನಗುವೂ ಬಂತು. ಗಾದಿ ನೆಲ ಮುಟ್ಟಲಿಲ್ಲ. ಕಂಬ ಸುಮ್ಮನಿತ್ತು.

*

ಗಾದಿ ಮನೆಯ ಕಡೆ ತಿರುಗಲಿಲ್ಲ. ಅವನ ಸಾಲು ಠಾಣೆ ದಾಟಿ, ಸಿನಿಮಾ ಟಾಕೀಸು ದಾಟಿ, ಯಾರ್ಡಿನ ದಾರಿ ಹಿಡಿಯಿತು. ಚೌಡಿ ಅವನ ಮೊಬೈಲಿಗೆ ಫೋನು ಹಚ್ಚಿದಳು. ಲೈನು ಗರಗರ ಎನ್ನುತ್ತಿತ್ತು, ಆದರೆ ದನಿ ತಮ್ಮನದೇ. ಪೊಲೀಸರು ಮನೆಯಿಂದ ಕಿತ್ತುಕೊಂಡು ಜೀಪಿನಲ್ಲಿ ಎಸೆದಿದ್ದ ತನ್ನ ಮೊಬೈಲನ್ನು ಒಡೆದ ಗಾಜಿನ ಸಮೇತ ಎತ್ತಿಕೊಂಡು ಬಂದಿದ್ದ.

"ಗಾದೀ, ಮನೆಗೆ ನಡಿಯಪ್ಪ. ಅವ್ವ ಸಾಯ್ತಾಳೆ."

"ಅಕ್ಕಾ, ಕಂಬ ಏನೂ ಮಾಡಲ್ಲ ನಂಗೆ! ನೀನೇ ತಾನೇ ಮಾಡಿದ್ದು? ಅವನ ಗೋಣು ಮುರಿದೆ, ಕಂಬ ಪಿಟಕ್ ಅನ್ಲಿಲ್ಲ." ಏದುಸಿರಿನ ನಡುವೆ ನಗುತ್ತಿದ್ದ. "ಪೊಲೀಸ್ರಿಗೆ ಹಿಂಗೇ ಇರ್ತಿತ್ತೇನೋ ಅಲ್ಲಾ? ಏನ್ ಮಜಾ ಅಕ್ಕಾ ಇದು!"

"ಸಾಕು ಕಣೋ. ಮಾಡಿದೋನು ಸತ್ತ."

"ಉಸ್ತಾದ್ರಿಗೆ ಬೆಂಕಿ ಇಟ್ಟೋರು ಸತ್ತಿಲ್ಲ."

ಫೋನು ಕೆಳಗೆ ಬಿತ್ತು, ಆದರೆ ಕಟ್ಟಾಗಲಿಲ್ಲ. ಯಾರೋ ಹಮಾಲನೊಬ್ಬ ಅರಚಿದ್ದು ಕೇಳಿಸಿತು. ಪರದೆಯಲ್ಲಿ ಡತಮ. ಮತ್ತೊಬ್ಬ. ಡತಮ. ಮೂಳೆ ಮುರಿದ ಸದ್ದು ಫೋನಿನಲ್ಲಿ, ಅಕ್ಷರ ಪರದೆಯಲ್ಲಿ. ಇವರಿಬ್ಬರು ಅಗಳಿ ಹಾಕಿದವರೋ, ಮೆಣಸಿನಕಾಯಿ ಲಾರಿ ಇಳಿಸಿ ಊಟಕ್ಕೆ ಹೊರಟವರೋ? ಯಾರಿಗೆ ಗೊತ್ತು? ಗಾದಿ ಕೇಳಿಯೂ ಇರಲಿಲ್ಲ. ಒಂದು ಸಲವೂ ನ ಬರಲಿಲ್ಲ.

ಆಮೇಲೆ ಒಂದು ದನಿ ಕೇಳಿಸಿತು, ಇನ್ನೂ ಪೂರ್ತಿ ಗಂಡಸಿನದಾಗದ ದನಿ. "ಅಣ್ಣಾ, ನಾನು ಮೌಲಾ ಅಣ್ಣಾ. ಖಲಂದರ್ ಸಾಬ್ರ ಮಗ. ನಾನು ಅಲ್ಲಿಗೆ ಬಂದೇ ಇಲ್ಲ. ಅಬ್ಬಾನ ಮಣ್ಣು ಮಾಡ್ತಿದ್ದೆ. ಅಲ್ಲಾನಾಣೆ ಅಣ್ಣಾ."

"ಇವರಪ್ಪನಿಂದಾನೇ ಇಷ್ಟೆಲ್ಲ ಆಗಿದ್ದು," ಅಂದ ಗಾದಿ. ಆ ಮಾತು ಯಾರಿಗೂ ಹೇಳಿದ್ದಲ್ಲ.

ಡ.

"ಗಾದೀ! ಅವನನ್ನ ಬಿಡಲೇ! ಅಕ್ಕ ಹೇಳ್ತಿದೀನಿ, ಬಿಡಲೇ!"

ತ.

ಹುಡುಗನ ಕಿರುಚಾಟ ಕಿವಿಗೆ ಚುಚ್ಚಿತು. ಮ. ಕಂಟ್ರೋಲ್ ರೂಮಿನ ಬಾಗಿಲನ್ನು ಹೊರಗಿನಿಂದ ಬೂಟುಗಳು ಒದೆಯುತ್ತಿದ್ದವು. ಚೌಡಿಯ ಬೆರಳು ತಾನು ಅಂಟಿಸಿದ ತುಂಡಿನ ಮೇಲೆ ಹಿಂದಕ್ಕೆ ಓಡಿತು. ನಂಬರು ಅಳಿಯಿತು. ಮೈನಸ್ ವಿ ಅಳಿಯಿತು. ಪೈಪು ಅಳಿಯಿತು. ಅವಳು ಹೊಟ್ಟೆಯೊಳಗಿಂದ ಒಂದು ಸಲ ಕೂಗಿ ಎಂಟರ್ ಒತ್ತಿದಳು.

ಫೋನಿನಲ್ಲಿ ಸೂಜಿ ಹಾರಿದ ಸದ್ದು. ಪರದೆಯಲ್ಲಿ ಬ.

*

ಮೌಲಾನ ಕೈ ಮುರಿದಿತ್ತು, ಕುತ್ತಿಗೆ ಉಳಿದಿತ್ತು. ಚೌಡಿಯ ಮೇಲಾಗಲಿ ಗಾದಿಯ ಮೇಲಾಗಲಿ ಕೇಸು ಹಾಕಲಿಲ್ಲ. ಹಾಕಿದರೆ ಗೋದಾಮಿನ ಹಿಂದಿನ ಆ ಸಾಲು ಕೋರ್ಟಿನಲ್ಲಿ ಓದಬೇಕಾಗುತ್ತಿತ್ತು. ಯಂತ್ರ ಕೆಟ್ಟಿತ್ತು, ಕೆಟ್ಟ ಯಂತ್ರಕ್ಕೆ ಇನ್ಸ್‌ಪೆಕ್ಟರ್ ಬಲಿಯಾದರು ಅಂತ ಪೇಪರಿನಲ್ಲಿ ಬಂತು. ಪಂಪಾಪತಿಗೆ ಮೂರು ಸುತ್ತು ಗಾಳಿಯಲ್ಲಿ ಗುಂಡು ಹಾರಿಸಿ ಮರ್ಯಾದೆ ಕೊಟ್ಟರು. ಅವಳನ್ನು ಕೆಲಸದಿಂದ ತೆಗೆದು ಹೊಸ ಆಪರೇಟರ್‌ನನ್ನು ಕೂರಿಸಿದರು. ಅವನಿಗೆ ಕೊಟ್ಟ ಗ್ರೆಪ್‌ಗೆ ಹಳೇ ಬಾಲ ಮತ್ತೆ ಅಂಟಿತ್ತು. ಊರು ಎಂದಿನ ಹಾಗೆ ಕಂಬದ ಕೆಳಗೆ ಓಡಾಡಿತು. ಥೂ.

ಗಾದಿ ಸಾಯಲಿಲ್ಲ. ಒಡೆದ ತಲೆಗೆ ಕರೆಂಟು ಹರಿದು ಬಲಭಾಗ ಪೂರ್ತಿ ಹೋಯಿತು. ಮಾತು ಹೋಯಿತು. ಊರಿನಲ್ಲೇ ಬಲವಾಗಿದ್ದ ತೊಡೆಗಳು ಕಡ್ಡಿಯಾದವು. ಅವ್ವ ಭಟ್ಟಿಗೆ ಹೋದ ಮೇಲೆ ಅವನಿಗೆ ಉಣ್ಣಿಸುವವಳು ಚೌಡಿ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವನು ಒಂದು ದಿನವೂ ಅವಳ ಮುಖ ನೋಡಿರಲಿಲ್ಲ. ಒಂದು ಮಧ್ಯಾಹ್ನ ನೋಡಿದ. ಅವಳು ಅನ್ನ ಕಲಸುವುದನ್ನು ಬಿಟ್ಟು ಕೂತಳು.

"ಹ್ಞೂಂ, ನಾನೇ," ಅಂದಳು. "ನೀನು ಹೊಡಿತಿದ್ದೆ. ಆ ಹುಡುಗ ಕೂಗ್ತಿದ್ದ. ನಾನೇ ಒತ್ತಿದೆ. ಇನ್ನೊಂದು ಸಲ ಹಂಗೇ ಆದ್ರೂ ಒತ್ತುತೀನಿ. ಏನ್ ಮಾಡ್ಕೊಂತೀಯೋ ಮಾಡ್ಕೋ."

ಗಾದಿಯ ಕಣ್ಣು ಮಿಟುಕಲಿಲ್ಲ. ಅವಳು ತುತ್ತು ಮಾಡಿ ಬಾಯಿಗೆ ಇಟ್ಟಳು. ಅವನು ಬಾಯಿ ತೆರೆದ, ತುತ್ತಿನ ಜೊತೆ ಅವಳ ಬೆರಳುಗಳನ್ನೂ ಒಳಗೆ ತೆಗೆದುಕೊಂಡು ಕಚ್ಚಿದ. ಮೈಯಲ್ಲಿ ಉಳಿದಿದ್ದ ಬಲವನ್ನೆಲ್ಲ ದವಡೆಗೆ ತಂದು ಕಚ್ಚಿದ. ಗಲ್ಲದ ಮೇಲೆ ಅನ್ನದ ಜೊತೆ ರಕ್ತ ಇಳಿಯಿತು.

ಚೌಡಿ ಕೈ ಎಳೆದುಕೊಳ್ಳಲಿಲ್ಲ. ಎಡಗೈಯಿಂದ ಅವನ ತಲೆಯನ್ನು ಹಿಡಿದು ಎದೆಗೆ ಒತ್ತಿಕೊಂಡು, ಅವನ ಹಲ್ಲು ಸೋಲುವವರೆಗೂ ಹಾಗೆಯೇ ಕೂತಿದ್ದಳು.